ಬೀಗ ಬಿದ್ದ ಹಗ್ಗ

"ಇದು ನನ್ನ ಕೈಕೆಲಸ ಅಲ್ಲ ಮೇಡಂ."

ಗಿಡ್ಡ ಎಂದು ಎಲ್ಲರೂ ಕರೆಯುವ ಆ ಹುಡುಗ, ಹಗ್ಗದ ಗಂಟಿನ ಫೋಟೋವನ್ನು ಕಣ್ಣಿನ ಹತ್ತಿರ ತಂದ, ದೂರ ಹಿಡಿದ, ಮತ್ತೆ ಹತ್ತಿರ ತಂದ. ಲಾಕಪ್ಪಿನ ಮಬ್ಬಿನಲ್ಲಿ ಮೂರು ದಿನ ಕೂತವನಿಗೆ ಬೆಳಗಿನ ಬೆಳಕೂ ಚುಚ್ಚುತ್ತಿತ್ತು.

"ಮೂರು ದಿನದಿಂದ ಇದನ್ನೇ ಹೇಳ್ತಿದೀಯಲ್ಲ," ಎಂದರು ಮೇಡಂ. ಕಂಬಿಯ ಈಚೆ ಸ್ಟೂಲಿನ ಮೇಲೆ ಕೂತು ಬಲಗಾಲು ನೀಡಿಕೊಂಡಿದ್ದರು. ಮಂಡಿ ಊದಿತ್ತು. ಬಂದರಿನವರು ಬೆನ್ನ ಹಿಂದೆ ತಮ್ಮನ್ನು ಮಂಡಿ ಮೇಡಂ ಎನ್ನುವುದು ತನಿಖೆಯ ಈ ಅಧಿಕಾರಿಗೂ ಗೊತ್ತಿತ್ತು. ಸಿಟ್ಟು ಮಾಡಿಕೊಳ್ಳುವುದಕ್ಕೂ ತ್ರಾಣ ಬೇಕಲ್ಲ.

"ಇಲ್ಲ ಮೇಡಂ. ಇಷ್ಟು ದಿನ ಹೇಳಿದ್ದು, ನಾನು ಸರಿಯಾಗಿ ಕಟ್ಟಿದ್ದೆ ಅಂತ. ಈಗ ಹೇಳ್ತಿರೋದು ಬೇರೆ. ಇದನ್ನ ನಾನು ಕಟ್ಟೇ ಇಲ್ಲ. ಈ ಫೋಟೋನ ನಂಗೆ ಯಾರೂ ತೋರ್ಸೇ ಇರ್ಲಿಲ್ಲ."

ನಿಜ. ಅವನ ಹೇಳಿಕೆ ಬರೆದುಕೊಂಡವರು ಮೂವರು. ಅಪ್ಪನ ಹೆಸರು, ಎತ್ತರ, ಕೆನ್ನೆಯ ಮೇಲಿನ ಮಚ್ಚೆ, ಎಲ್ಲ ಬರೆದುಕೊಂಡಿದ್ದರು. ನೀನು ಕಟ್ಟಿದ ಗಂಟು ಇದೇನಾ ಎಂದು ಕೇಳುವುದಕ್ಕೆ ಮಾತ್ರ ಒಬ್ಬನಿಗೂ ಬಾಯಿ ಬಂದಿರಲಿಲ್ಲ. ಹಗ್ಗ ಎಳೆದು ಹೊಟ್ಟೆ ಹೊರೆಯುವವನನ್ನು ಏನು ಕೇಳುವುದು?

ಸೋಮವಾರ ಮಧ್ಯಾಹ್ನ ಒಂದೂವರೆಗೆ ಬಂದರಿನ ಕಲ್ಲುಕಟ್ಟೆಗೆ, ಅಂದರೆ ಧಕ್ಕೆಗೆ, ಕಟ್ಟಿದ್ದ ಸರಕು ದೋಣಿಯ ಹಗ್ಗ ಕಡಿದಿತ್ತು. ಕಡಿದ ತುದಿ ಎದೆಗೆ ಬಡಿದು, ದೋಣಿಯ ಮುದಿ ಕಾವಲುಗಾರ ನೀರಿಗೆ ಬಿದ್ದು, ದೋಣಿಗೂ ಕಲ್ಲುಗೋಡೆಗೂ ನಡುವೆ ಸಿಕ್ಕಿ ಸತ್ತಿದ್ದ. ಆ ಹಗ್ಗ ಕಟ್ಟಿದವನು ಗಿಡ್ಡ. ಸತ್ತವನು ಗಿಡ್ಡನ ಹೆಂಡತಿಯ ಅಪ್ಪ.

ಹಗ್ಗವನ್ನು ಸಡಿಲವಾಗಿ ಕಟ್ಟಿದ್ದರಿಂದ ದೋಣಿ ಜಗ್ಗಾಡಿ ಹಗ್ಗ ಕಡಿಯಿತೆಂಬ ವರದಿ ಟೈಪಾಗಿ ಮೇಡಂ ಚೀಲದಲ್ಲಿತ್ತು. ಸಂಜೆ ನಾಲ್ಕಕ್ಕೆ ಸಹಿ ಬಿದ್ದು ಅದು ಕೋರ್ಟಿಗೆ ಹೋಗಬೇಕು. ಹೋದರೆ ಗಿಡ್ಡನಿಗೆ ಎರಡು ವರ್ಷಕ್ಕೆ ಕಡಿಮೆಯಿಲ್ಲ.

"ಎರಡು ವರ್ಷ ತಾನೇ, ಕೂತು ಬರ್ತೀನಿ," ಎಂದ ಗಿಡ್ಡ. "ಆದ್ರೆ ಅವಳಿಗೆ ಗೊತ್ತಾಗ್ಬೇಕು ಮೇಡಂ. ದಿನಾ ಊಟ ತಂದಿಡ್ತಾಳೆ. ಮಾತಾಡಲ್ಲ. ಮುಖ ನೋಡಲ್ಲ. ಅವಳಪ್ಪನ್ನ ನಾನೇ ಕೊಂದೆ ಅಂದ್ಕೊಂಡು ನಂಗೆ ಅನ್ನ ಹಾಕ್ತಿದಾಳೆ. ಅದು ಗಂಟಲಲ್ಲಿ ಇಳಿಯತ್ತಾ ಹೇಳಿ?"

ಮೇಡಂ ಸ್ಟೂಲನ್ನು ಕಂಬಿಯ ಹತ್ತಿರಕ್ಕೆ ಎಳೆದುಕೊಂಡರು. "ನಿನ್ನ ಗಂಟು ಹೇಗಿರತ್ತೆ, ತೋರ್ಸು."

"ಹಗ್ಗ ಕೊಡಿ."

"ಲಾಕಪ್ಪಲ್ಲಿ ಹಗ್ಗ ಕೊಟ್ರೆ ನಿನ್ನ ಪಕ್ಕದಲ್ಲಿ ನಾನೂ ಕೂರ್ಬೇಕಾಗತ್ತೆ."

ಸುತ್ತ ನೋಡಿದರು. ಅವರ ದಫೇದಾರ ಆಫೀಸಿನ ಮೋಟಾರು ಲಾಂಚಿಗೆ ಡೀಸೆಲ್ ಹಾಕಿಸಲು ಹೋಗಿದ್ದ. ಬಾಗಿಲ ಪೇದೆ ಪೇಪರಿನಲ್ಲಿ ಮುಳುಗಿದ್ದ. ಮೇಡಂ ಬಗ್ಗಿ, ಮಂಡಿಗೆ ಸುತ್ತಿದ್ದ ಬ್ಯಾಂಡೇಜು ಬಿಚ್ಚಿ ಕಂಬಿಯೊಳಗೆ ಚಾಚಿದರು.

"ಕೈ ಕೊಡಿ ಮೇಡಂ. ಹೆಬ್ಬೆರಳು ಕಿರುಬೆರಳು ಅಗಲ ಮಾಡಿ. ಮಿಕ್ಕಿದ್ದು ಮಡಚಿ. ಹಾಂ. ದೋಣಿ ಮೇಲಿನ ಕ್ಲೀಟು ಹೀಗೇ ಇರತ್ತೆ, ಕಬ್ಬಿಣದ್ದು, ಎರಡು ಕೊಂಬು."

ಬುಡಕ್ಕೆ ಒಂದು ಪೂರ್ತಿ ಸುತ್ತು. ಆಮೇಲೆ ಕೊಂಬಿನಿಂದ ಕೊಂಬಿಗೆ ಅಡ್ಡಡ್ಡ ಮೂರು ಸುತ್ತು. ತುದಿಯನ್ನು ಹಾಗೇ ಇಳಿಬಿಟ್ಟ. "ಈಗ ಎಡಗೈಲಿ ಇನ್ನೊಂದು ತುದಿ ಎಳೀರಿ. ಜೋರಾಗಿ."

ಎಳೆದರು. ಬ್ಯಾಂಡೇಜು ಹಿಡಿದು ನಿಂತಿತು. ಗಿಡ್ಡ ಇಳಿಬಿಟ್ಟ ತುದಿ ಹಿಡಿದು ಎರಡು ಸಲ ಕೈ ತಿರುಗಿಸಿದ. ಅಷ್ಟೂ ಸುತ್ತು ಸರಸರನೆ ಬಿಟ್ಟುಕೊಂಡಿತು.

"ಎಷ್ಟು ಭಾರ ಬಿದ್ದಿದ್ರೂ ಹೀಗೆ ಸಡಿಲಿಸ್ಬಹುದು. ಬೇಕಾದ್ರೆ ಒಂದು ಗೇಣು, ಬೇಕಾದ್ರೆ ಒಂದು ಮೊಳ. ಇನ್ನು ನಿಮ್ಮ ಫೋಟೋದಲ್ಲಿರೋದು." ಮತ್ತೆ ಹಾಗೇ ಸುತ್ತಿದ. ಆದರೆ ಕೊನೆಯ ಸುತ್ತನ್ನು ತಿರುಚಿ, ತುದಿ ಅದರ ಅಡಿಗೇ ಸಿಕ್ಕುವ ಹಾಗೆ ಕೊಂಬಿಗೆ ಹಾಕಿದ. "ಇದಕ್ಕೆ ನಾವು ಬೀಗ ಅಂತೀವಿ. ಎಳೀರಿ."

ಎಳೆದರು.

"ಇನ್ನೂ."

"ಅಯ್ಯೋ, ಬೆರಳೋ!"

"ಈಗ ಬಿಚ್ಚಿ ನೋಡೋಣ."

ಎಡಗೈಯಲ್ಲಿ ಕೆದಕಿದರು. ಉಗುರು ಹಾಕಿದರು. ಕೆದಕಿದಷ್ಟೂ ಕಚ್ಚಿತು. ಕಿರುಬೆರಳು ನೀಲಿಯಾಗತೊಡಗಿದಾಗ ಪೇದೆ ಪೇಪರು ಬಿಟ್ಟು ಕತ್ತರಿ ಹುಡುಕಿಕೊಂಡು ಓಡಿಬಂದ.

"ಇಲ್ಲಿ ನೀರು ಆರೇಳು ಅಡಿ ಇಳಿಯತ್ತೆ ಮೇಡಂ," ಎಂದ ಗಿಡ್ಡ, ತುಂಡಾದ ಬ್ಯಾಂಡೇಜನ್ನು ನೀಟಾಗಿ ಮಡಚುತ್ತ. "ದೋಣಿ ನೀರಿನ ಜೊತೆ ಕೆಳಗೆ ಹೋಗತ್ತೆ. ಹಗ್ಗದ ಇನ್ನೊಂದು ತುದಿ ಧಕ್ಕೆ ಮೇಲಿನ ಗೂಟದಲ್ಲೇ ಇರತ್ತೆ. ಕಾವಲಿಗಿರೋರು ಗಂಟೆಗೊಂದ್ಸಲ ಸಡಿಲಿಸ್ತಾ ಹೋಗ್ಬೇಕು. ಅದಕ್ಕೇ ಇಲ್ಲಿ ಯಾರೂ ಬೀಗ ಹಾಕಲ್ಲ. ಹಾಕಿದ್ರೆ ಧಕ್ಕೆ ಮೇಸ್ತ್ರಿ ಕಪಾಳಕ್ಕೆ ಬಾರಿಸ್ತಾರೆ. ನಾನೂ ತಿಂದಿದೀನಿ."

"ಮತ್ತೆ ಬೀಗ ಹಾಕೋರು ಯಾರು?"

"ಅಣೆಕಟ್ಟಿನ ಹಿನ್ನೀರು, ಅಂಥ ಕಡೆ ದೋಣಿ ಕಟ್ಟೋರು. ಅಲ್ಲಿ ನೀರು ಅಲ್ಲಾಡಲ್ಲ. ಬೀಗ ಇದ್ರೆ ಭದ್ರ."

ಮೇಡಂ ಫೈಲು ತೆರೆದರು. ಕಾವಲುಗಾರನ ಹತ್ತಿರ ಸಿಕ್ಕ ವಸ್ತುಗಳು: ಒಂಟಿ ಚಪ್ಪಲಿ, ಕನ್ನಡಕ, ಸುತ್ತಿಗೆಯಂಥ ಮರದ ಕೊಡತಿ. ಮೂರು ದಿನದಲ್ಲಿ ಹತ್ತು ಸಲ ಓದಿದ್ದರು. ಓದುವುದಕ್ಕೂ ನೋಡುವುದಕ್ಕೂ ವ್ಯತ್ಯಾಸವಿದೆ.

"ಗಂಟು ಸಡಿಲವಾಗಿತ್ತು ಅಂತ ವರದಿ," ಎಂದರು ನಿಧಾನವಾಗಿ. "ಸಡಿಲ ಗಂಟಿಗೆ ನಿಮ್ಮ ಮಾವ ಕೊಡತಿ ಯಾಕೆ ತಂದ್ರು?"

ಗಿಡ್ಡನ ಕೈ ಮಡಚುವುದನ್ನು ನಿಲ್ಲಿಸಿತು.

"ಕೊಡತಿ ತಂದಿದ್ರಾ?"

"ಪಟ್ಟಿಯಲ್ಲಿದೆ."

"ಬೀಗ ಬಿಡಿಸೋಕೆ ಬಡೀತಿದ್ರು." ಅವನ ದನಿ ಕೆಳಗಿಳಿಯಿತು. "ಹಗ್ಗ ಆಗ್ಲೇ ತಂತಿ ಥರ ಬಿಗಿದಿರತ್ತೆ ಮೇಡಂ. ಅಂಥ ಹಗ್ಗದ ಎದುರು ನಿಲ್ಬಾರ್ದು. ನಂಗೆ ಅದನ್ನ ಹೇಳ್ಕೊಟ್ಟಿದ್ದೇ ಅವ್ರು."

"ಗೊತ್ತಿದ್ದೂ ಯಾಕೆ ನಿಂತ್ರು?"

"ದೋಣಿ ವಾಲಿದ್ರೆ ಸರಕು ನೀರುಪಾಲು. ಕೆಲಸ ಹೋಗತ್ತೆ."

ಸರಕಿಗೆ ವಿಮೆ ಇತ್ತು. ಮುದುಕನಿಗೆ ಇರಲಿಲ್ಲ. ಅದೂ ಫೈಲಿನಲ್ಲೇ ಇತ್ತು, ಬೇರೆ ಪುಟದಲ್ಲಿ.

ಅಷ್ಟರಲ್ಲಿ ಗಿಡ್ಡನ ಹೆಂಡತಿಯೇ ಬಂದಳು. ಊಟದ ಡಬ್ಬಿಯನ್ನು ಪೇದೆಯ ಮೇಜಿನ ಮೇಲಿಟ್ಟು, ನಿನ್ನೆಯದರ ಮುಚ್ಚಳ ತೆಗೆದು ನೋಡಿದಳು. ಅರ್ಧ ಹಾಗೇ ಉಳಿದಿತ್ತು.

"ಪೂರ್ತಿ ತಿನ್ಬೇಕು ಅಂತ ಹೇಳಿ," ಎಂದಳು ಪೇದೆಗೆ. ಗಂಡ ನಾಲ್ಕು ಹೆಜ್ಜೆ ದೂರದಲ್ಲಿದ್ದ.

"ಲೇ, ಇಲ್ಲಿ ನೋಡೇ. ಒಂದ್ಸಲ ನೋಡು," ಎಂದ ಗಿಡ್ಡ.

ಅವಳು ಡಬ್ಬಿಯ ಕೊಕ್ಕೆ ಹಾಕಿದಳು.

ಮೇಡಂ ಕುಂಟುತ್ತ ಹತ್ತಿರ ಹೋದರು. "ಅದು ಅವನು ಕಟ್ಟಿದ್ದಲ್ಲ ಅನ್ಸತ್ತೆ ಕಣಮ್ಮ."

"ಅನ್ಸತ್ತಾ?" ಅವಳು ಮೊದಲ ಸಲ ತಲೆ ಎತ್ತಿದಳು. ಅತ್ತು ಅತ್ತು ಅಳು ಮುಗಿದ ಕಣ್ಣು. "ಸೋಮವಾರ ಅವನೇ ಅಂತ ನಿಮ್ಮವ್ರೇ ನಮ್ಮನೆ ಬಾಗಿಲಲ್ಲಿ ನಿಂತು ಹೇಳಿದ್ರು. ಇವತ್ತು ಅವನಲ್ಲ ಅನ್ಸತ್ತೆ. ನಾಳೆ ಏನನ್ಸತ್ತೆ ಮೇಡಂ? ಯಾರು ಅಂತ ಹೆಸರು ಹೇಳಿ. ಅವತ್ತು ಇವನ ಮುಖ ನೋಡ್ತೀನಿ."

"ಎಲ್ಲಿಗೆ ಹೊರಟೆ?"

"ಧಕ್ಕೆಗೆ. ಅಪ್ಪನ ಸಾಮಾನು ಅಲ್ಲಿದೆ. ಮೇಸ್ತ್ರಿ ಬಾ ಅಂದಿದಾರೆ."

"ನಾವೂ ಅಲ್ಲಿಗೇ. ಲಾಂಚಲ್ಲಿ ಬಾ."

"ಕಾಲಿದೆ," ಎಂದು ಹೊರಟುಹೋದಳು.

ಲಾಂಚಿನ ಚಾಲಕ ಹದಿನೈದು ದಿನದಿಂದ ರಜೆಯಲ್ಲಿದ್ದ. ದಫೇದಾರನೇ ಚುಕ್ಕಾಣಿ ಹಿಡಿದಿದ್ದ. ಮೇಡಂ ಕಾಲು ಇಡಲೆಂದು ಮಡಚಿದ ಗೋಣಿಚೀಲವೊಂದನ್ನು ಆಗಲೇ ಹಾಸಿಟ್ಟಿದ್ದ. ಒಂಬತ್ತು ವರ್ಷದಿಂದ ಜೊತೆಗಿದ್ದವನು. ನಾಲ್ಕು ತಿಂಗಳ ಹಿಂದೆ ಮೇಡಂಗೆ ಒಳನಾಡಿನಿಂದ ಈ ಬಂದರಿಗೆ ವರ್ಗವಾದಾಗ, ಯಾರೂ ಕೇಳದಿದ್ದರೂ ತಾನೇ ಅರ್ಜಿ ಹಾಕಿ ಹಿಂದೆ ಬಂದಿದ್ದ.

"ಬ್ಯಾಂಡೇಜು ಎಲ್ಲಿ ಮೇಡಂ?"

"ಲಾಕಪ್ಪಿಗೆ ಹಾಕಿ ಬಂದೆ."

"ಜಾಮೀನು ಸಿಗಲ್ವಾ ಅದಕ್ಕೆ?"

ಮೇಡಂ ನಗಲು ಪ್ರಯತ್ನಿಸಿದರು. ಬೀಗದ ವಿಷಯ ಹೇಳಬೇಕೆನಿಸಿತು. ಎಂಜಿನ್ನಿನ ಸದ್ದಿನ ಮೇಲೆ ಅರಚಿ ಹೇಳುವುದಕ್ಕಾಗದೆ, ಆಮೇಲೆ ಹೇಳಿದರಾಯಿತೆಂದು ಸುಮ್ಮನಾದರು. "ಸೋಮವಾರ ಆ ದೋಣಿ ಹತ್ತಿದವರ ಪಟ್ಟಿ ಇದೆಯಲ್ಲ, ಹೇಳಿ," ಎಂದಷ್ಟೇ ಕೂಗಿದರು.

"ಬೆಳಿಗ್ಗೆ ಎಂಟಕ್ಕೆ ಗಿಡ್ಡ ಕಟ್ಟಿ ಹೋದ. ಒಂಬತ್ತಕ್ಕೆ ಮೇಸ್ತ್ರಿ. ಒಂಬತ್ತೂವರೆಗೆ ಆ ದೋಣಿ ಮ್ಯಾನೇಜರು, ಐದು ನಿಮಿಷ. ಕಾವಲುಗಾರ ಅಂತೂ ಅಲ್ಲೇ. ನಾವಿಬ್ರು ಹತ್ತಕ್ಕೆ ಲೈಫ್ ಜಾಕೆಟ್ ಎಣಿಸೋಕೆ ಹೋಗಿದ್ದು ಬಿಟ್ರೆ ಇನ್ಯಾರೂ ಇಲ್ಲ."

"ಮ್ಯಾನೇಜರಿಗೆ ಗಂಟು ಹಾಕೋಕೆ ಬರತ್ತಾ?"

"ಅವ್ನು ಲೇಸಿಲ್ಲದ ಶೂ ಹಾಕ್ಕೊಳ್ಳೋ ಗಿರಾಕಿ ಮೇಡಂ."

ಹಾಗಾದರೆ ಉಳಿದವನು ಮೇಸ್ತ್ರಿ. ಮೇಡಂ ಅವನ ಪರವಾನಗಿಯ ಪ್ರತಿ ಹೊರತೆಗೆದು ಮಡಿ ಬಿಡಿಸಿದರು. ಮೊದಲ ಕೆಲಸ: ಅಣೆಕಟ್ಟಿನ ಹಿನ್ನೀರು. ಹನ್ನೆರಡು ವರ್ಷ.

ಕಾಗದ ಗಾಳಿಗೆ ಪಟಪಟನೆ ಬಡಿದುಕೊಂಡಿತು. ಮಂಡಿ ನೋವು ಒಂದು ನಿಮಿಷ ಮರೆತುಹೋಯಿತು.

ಧಕ್ಕೆ ಮುಟ್ಟಿದಾಗ ಹನ್ನೊಂದು ದಾಟಿತ್ತು. ನೀರು ತುಂಬಿ ನಿಂತಿತ್ತು. ಲಾಂಚಿನ ಅಂಚು ಧಕ್ಕೆಯ ಕಲ್ಲಿಗೆ ಸರಿಸಮ. ಮೇಡಂ ಹೊಸ್ತಿಲು ದಾಟಿದಷ್ಟು ಸುಲಭವಾಗಿ ಇಳಿದರು. ದಿನಾ ಅವರ ಆಫೀಸಿನ ತೇಲುಕಟ್ಟೆಗೆ ಕಟ್ಟುವ ಲಾಂಚು ಅದು. ಕಟ್ಟೆಯೂ ಲಾಂಚೂ ಜೊತೆಗೇ ಏರಿ ಜೊತೆಗೇ ಇಳಿಯುತ್ತಿದ್ದವು. ಸೋಮವಾರ ಅದನ್ನು ಸರಕು ದೋಣಿಯ ಮಗ್ಗುಲಿಗೇ ಆನಿಸಿ ಕಟ್ಟಿ, ಆ ದೋಣಿಯ ಮೇಲೆ ಹಾದು ಬಂದಿದ್ದರು. ಇವತ್ತು ಆ ದೋಣಿಗೆ ಸೀಲು ಬಿದ್ದಿತ್ತು. ಅದಕ್ಕೇ ನೇರ ಧಕ್ಕೆಯ ಗೂಟಕ್ಕೇ ಕಟ್ಟಬೇಕಾಯಿತು.

ದಫೇದಾರ ಹಗ್ಗ ಕಟ್ಟಿ ಮೇಲೆ ಬಂದವನು ಒಂದು, ಎರಡು, ಮೂರು ಸಲ ತಿರುಗಿ ನೋಡಿದ.

"ಏನ್ರೀ ಅದು?"

"ನಮ್ಮಜ್ಜ ಹೇಳ್ಕೊಟ್ಟಿದ್ದು. ದೋಣಿ ಕಟ್ಟಿದ್ಮೇಲೆ ಮೂರು ಸಲ ತಿರುಗಿ ನೋಡ್ಬೇಕಂತೆ."

"ನೋಡಿದ್ರೆ?"

"ದೋಣಿಗೆ ನಾಚಿಕೆಯಾಗಿ ಓಡಿಹೋಗಲ್ವಂತೆ."

ಮ್ಯಾನೇಜರನ ಆಫೀಸಿನಿಂದ ಕಾವಲಿನ ರಿಜಿಸ್ಟರು ತರಲು ಅವನನ್ನು ಕಳಿಸಿ, ಮೇಡಂ ಒಬ್ಬರೇ ಹಗ್ಗದ ಉಗ್ರಾಣಕ್ಕೆ ನಡೆದರು. ಮೇಸ್ತ್ರಿ ಅಲ್ಲಿರಲಿಲ್ಲ. ದೋಣಿಯೊಂದನ್ನು ತರಲು ಆಚೆ ದಡಕ್ಕೆ ಹೋಗಿದ್ದಾರೆ, ಈಗ ಬರ್ತಾರೆ ಎಂದರು ಅಲ್ಲಿದ್ದ ಕೂಲಿಗಳು. ಆ 'ಈಗ' ಬರುವಷ್ಟರಲ್ಲಿ ಎರಡೂಮುಕ್ಕಾಲಾಯಿತು. ಈ ದೇಹಕ್ಕೆ ಕಾಯುವುದೊಂದೇ ಸರಿಯಾಗಿ ಬರುವ ಕೆಲಸ ಎಂದುಕೊಂಡು ಮೇಡಂ ಹಗ್ಗದ ಸುರುಳಿಯ ಮೇಲೆ ಕೂತರು.

ಮೇಸ್ತ್ರಿ ಬಂದವನೇ ಅವರತ್ತ ಒಮ್ಮೆ ನೋಡಿ, ತಗಡಿನ ನೆರಳಲ್ಲಿ ಸರಪಳಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಅರವತ್ತರ ಮನುಷ್ಯ. ಆ ಸೆಕೆಯಲ್ಲೂ ಕೈಗೆ ಕ್ಯಾನ್ವಾಸಿನ ಗವಸು. ಸರಪಳಿಯ ಎರಡು ತುಂಡು ಸೇರಿಸುವ ಕಬ್ಬಿಣದ ಕೊಂಡಿಗೆ ತಿರುಪಿನ ಮೊಳೆ ಹಾಕಿ ಪೂರ್ತಿ ಬಿಗಿದ. ಆಮೇಲೆ ಕಾಲು ಸುತ್ತು ಹಿಂದಕ್ಕೆ ತಿರುಗಿಸಿದ. ಮೊಳೆಯ ತಲೆಯ ತೂತಿಗೆ ಸಣ್ಣ ತಂತಿ ಪೋಣಿಸತೊಡಗಿದ.

"ಬಿಗಿದ ಮೇಲೆ ಹಿಂದಕ್ಕೆ ಯಾಕೆ?"

"ಪೂರ್ತಿ ಬಿಗಿದ್ರೆ ತುಕ್ಕು ಹಿಡಿದು ಕಚ್ಕೊಳತ್ತೆ. ಆಮೇಲೆ ಬಿಚ್ಚೋಕೆ ಬರಲ್ಲ."

"ಹಾಗೇ ಬಿಟ್ರೆ ಕಳಚ್ಕೊಳಲ್ವಾ?"

"ಅದಕ್ಕೇ ತಂತಿ."

ಮೇಡಂ ಫೋಟೋವನ್ನು ಸರಪಳಿಯ ಮೇಲಿಟ್ಟರು. ಮೇಸ್ತ್ರಿ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ.

"ಸೋಮವಾರವೇ ನೋಡಿದ್ರಿ. ಬೀಗ ಬಿದ್ದಿದೆ ಅಂತ ಸೋಮವಾರವೇ ಗೊತ್ತಾಗಿತ್ತು ನಿಮಗೆ."

"ಹೂಂ."

"ಹೇಳಿಕೆಯಲ್ಲಿ ಒಂದು ಮಾತಿಲ್ಲ."

"ಕೇಳ್ಲಿಲ್ಲ."

"ಮೇಸ್ತ್ರಿಯವ್ರೇ, ಆ ಹುಡುಗ ನಿಮ್ಮ ಕೈಯಲ್ಲಿ ಕಲಿತವನು. ಇವತ್ತು ನಾಲ್ಕು ಗಂಟೆಗೆ ಅವನ ಕಥೆ ಮುಗಿಯತ್ತೆ."

ತಂತಿ ಒಂದು ಸುತ್ತು ಬಂತು. ಎರಡು ಸುತ್ತು.

"ಹಿನ್ನೀರಲ್ಲಿ ಹನ್ನೆರಡು ವರ್ಷ ಇದ್ರಿ," ಎಂದರು ಮೇಡಂ.

ತಂತಿ ನಿಂತಿತು.

"ಅಲ್ಲಿ ಬೀಗ ಹಾಕ್ತಾರೆ. ಅಲ್ವಾ?"

"ಹಾಕ್ತಾರೆ."

"ಒಂಬತ್ತಕ್ಕೆ ನೀವು ದೋಣಿ ಹತ್ತಿದ್ರಿ. ಹಿಂದಿನ ವಾರ ಕಾವಲುಗಾರನ ಜೊತೆ ಜಗಳ ಆಡಿದ್ರಿ. ಇಡೀ ಧಕ್ಕೆ ಕೇಳಿದೆ."

"ಜಗಳ?" ಮೇಸ್ತ್ರಿ ಮೊದಲ ಸಲ ತಲೆ ಎತ್ತಿದ. "ಅವನು ನಿದ್ದೆ ಮಾಡ್ತಿದ್ದ, ಬೈದು ಎಬ್ಬಿಸ್ದೆ. ಇಪ್ಪತ್ತು ವರ್ಷದಿಂದ ಬೈದು ಎಬ್ಬಿಸ್ತಿದೀನಿ. ನಾನು ಬೈಯದಿದ್ದ ದಿನ ಅವನೇ ಬಂದು ಕೇಳ್ತಿದ್ದ, ಮೈ ಹುಷಾರಿಲ್ವಾ ಅಂತ."

ಆಮೇಲೆ ಅವನು ಬಲಗೈಯ ಗವಸನ್ನು ಹಲ್ಲಿನಲ್ಲಿ ಕಚ್ಚಿ ಎಳೆದ. ಗವಸಿನ ಎರಡು ಬೆರಳಿನಲ್ಲಿ ಹತ್ತಿ ತುರುಕಿತ್ತು. ಕೈಯಲ್ಲಿ ಆ ಎರಡು ಬೆರಳು ಇರಲಿಲ್ಲ.

"ಇಲ್ಲಿಗೆ ಬಂದ ಎರಡನೇ ವಾರ. ಹಿನ್ನೀರಿನ ಅಭ್ಯಾಸ, ಬೀಗ ಹಾಕಿದ್ದೆ. ನೀರು ಇಳೀತು. ಬಿಡಿಸೋಕೆ ಬೆರಳು ತೂರಿಸ್ದೆ. ಸುತ್ತು ಜಾರಿ ಕೈ ಕಚ್ಚಿ ಎಳ್ಕೊಳ್ತು. ಕೊಡಲಿ ತಂದು ಹಗ್ಗ ಕಡಿದು, ಉಳಿದ ಮೂರು ಬೆರಳು ಉಳ್ಸಿಕೊಟ್ಟವನು ಯಾರು ಗೊತ್ತಾ ಮೇಡಂ?"

ಮೇಡಂಗೆ ಗೊತ್ತಾಯಿತು.

"ಸೋಮವಾರ ಸತ್ತನಲ್ಲ, ಅವನೇ. ಅವತ್ತಿಂದ ಬೀಗ ಹಾಕಿದವರಿಗೆ ಈ ಮೂರು ಬೆರಳಲ್ಲೇ ಹೊಡೀತೀನಿ."

ಉಗ್ರಾಣದಲ್ಲಿ ಟಾರಿನ ವಾಸನೆ. ಬೆಳಗಿನಿಂದ ಹಿಡಿದುಕೊಂಡು ಬಂದಿದ್ದ ಒಂದೇ ಒಂದು ಎಳೆ ಕೈಯಲ್ಲೇ ತುಂಡಾಗಿತ್ತು. ಮೇಡಂಗೆ ಅಲ್ಲೇ, ಆ ಹಗ್ಗದ ಸುರುಳಿಯ ಮೇಲೇ ಮಲಗಿಬಿಡೋಣವೆನಿಸಿತು.

"ಮತ್ತೆ ಯಾಕೆ ಬಾಯಿ ಮುಚ್ಕೊಂಡು ಕೂತಿದ್ರಿ?"

"ಬೀಗ ಅಂತ ಬಾಯಿ ಬಿಟ್ರೆ, ಯಾರು ಹಾಕಿದ್ದು ಅಂತ ಕೇಳ್ತೀರಿ."

"ಕೇಳ್ತಿದೀನಿ. ಯಾರು?"

ಮೇಸ್ತ್ರಿ ಗವಸು ಹಾಕಿಕೊಂಡ. ಹತ್ತಿಯ ಬೆರಳುಗಳನ್ನು ಒತ್ತಿ ಸರಿಮಾಡಿಕೊಂಡ. "ಹತ್ತು ಗಂಟೆ ಹೊತ್ತಿಗೆ ನಾನು ಇಲ್ಲೇ ಕೂತಿದ್ದೆ. ಇಲ್ಲಿಂದ ಆ ದೋಣಿ ಪೂರ್ತಿ ಕಾಣತ್ತೆ. ಬಗ್ಗಿ ಹಗ್ಗ ಮುಟ್ಟಿದ್ದು ಕಂಡಿತ್ತು. ಬೀಗ ಹಾಕಿದ್ದು ಅಂತ ಗೊತ್ತಾಗಿದ್ದು ಮುದುಕ ಸತ್ತ ಮೇಲೆ. ಆದ್ರೆ ನನ್ನ ಪಾಸಿಗೆ ವರ್ಷ ವರ್ಷ ಸೀಲು ಒತ್ತೋದು ಯಾವ ಆಫೀಸು ಹೇಳಿ? ನನ್ನ ಮಾತನ್ನ ಬರ್ಕೊಳ್ಳೋದು ಯಾವ ಕೈ ಹೇಳಿ?"

"ಒಗಟು ಬೇಡ. ಹೆಸರು ಹೇಳಿ."

"ಮೂರು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ ಮೇಡಂ. ಹುಡುಗ ಒಳಗಿದಾನೆ, ನಾನು ಹೊರಗೆ ಉಣ್ತಿದೀನಿ. ಅದಕ್ಕೆ ಏನು ಬೇಕಾದ್ರೂ ಅನ್ನಿ, ಕೇಳಿಸ್ಕೊತೀನಿ." ಎದ್ದು ನಿಂತು, ಮೇಡಂನ ತಲೆಯ ಮೇಲಿಂದ ಆಚೆ, ನೀರಿನ ಕಡೆ ನೋಡಿದ. "ನೀರು ಇಳೀತಾ ಇದೆ. ಬೆಳಿಗ್ಗೆಯಿಂದ ನಿಮ್ಮ ಲಾಂಚಿನ ಹಗ್ಗ ಯಾರೂ ಸಡಿಲಿಸಿಲ್ಲ. ಹೋಗಿ ನೋಡ್ಕೊಳ್ಳಿ."

ಅಷ್ಟೇ ಹೇಳಿ ಸರಪಳಿಯ ಮುಂದೆ ಮತ್ತೆ ಕೂತ.

ಧಕ್ಕೆಯ ಅಂಚಿಗೆ ನೂರು ಹೆಜ್ಜೆ. ಬ್ಯಾಂಡೇಜಿಲ್ಲದ ಮಂಡಿ ಪ್ರತಿ ಹೆಜ್ಜೆಗೂ ಲೆಕ್ಕ ಕೇಳಿತು. ಕಾವಲುಗಾರನ ಗೂಡಿನ ಮುಂದೆ ಗಿಡ್ಡನ ಹೆಂಡತಿ ಕೂತಿದ್ದಳು. ಮಡಿಲಲ್ಲಿ ಅಪ್ಪನ ಕಪ್ಪು ಛತ್ರಿ, ಒಂದು ಟಾರ್ಚು, ಮಡಚಿದ ಶರಟು. ಇಪ್ಪತ್ತು ವರ್ಷದ ಚಾಕರಿ ಒಂದು ಮಡಿಲನ್ನೂ ತುಂಬಿರಲಿಲ್ಲ.

ಮೇಡಂ ಅಂಚಿಗೆ ಬಂದು ಕೆಳಗೆ ನೋಡಿದರು.

ಬೆಳಿಗ್ಗೆ ಕಾಲಿನ ಸಮಕ್ಕಿದ್ದ ಲಾಂಚು ಈಗ ಆಳೆತ್ತರ ಕೆಳಗಿತ್ತು. ಪೂರ್ತಿ ನೀರಿನ ಮೇಲೂ ಇರಲಿಲ್ಲ. ಧಕ್ಕೆಯ ಗೂಟದಿಂದ ಇಳಿದ ಹಗ್ಗ ಅದರ ಮೂಗನ್ನು ಎತ್ತಿ ಹಿಡಿದಿತ್ತು. ಹಗ್ಗ ಹಗ್ಗದ ಹಾಗೆ ಕಾಣುತ್ತಿರಲಿಲ್ಲ. ಕಬ್ಬಿಣದ ಸಲಾಕೆಯ ಹಾಗಿತ್ತು. ಎಲ್ಲೋ ಒಳಗೆ ಕಿರ್ ಎನ್ನುತ್ತಿತ್ತು.

ದಫೇದಾರ ವಾಲಿದ ಲಾಂಚಿನ ಮೂಗಿನಲ್ಲಿ ಮಂಡಿಯೂರಿ ಕ್ಲೀಟನ್ನು ಕೆದಕುತ್ತಿದ್ದ.

"ಒಂದ್ನಿಮಿಷ ಮೇಡಂ! ಏನೋ ಕಚ್ಕೊಂಡಿದೆ. ಮ್ಯಾನೇಜರು ಬರೋವರೆಗೂ ಕಾದು ಈಗಷ್ಟೇ ರಿಜಿಸ್ಟರು ತಂದೆ, ಸೀಟಿನ ಮೇಲಿದೆ." ಸೀಟಿನಡಿಗೆ ಕೈ ಹಾಕಿ ಮರದ ಕೊಡತಿ ಹೊರತೆಗೆದ. "ಎರಡು ಏಟು ಕೊಟ್ರೆ ಬಿಡತ್ತೆ."

ಎತ್ತಿದ.

"ಇಡ್ರೀ ಕೆಳಗೆ!"

ಮೇಡಂ ದನಿ ಅವರಿಗೇ ಗುರುತು ಸಿಗಲಿಲ್ಲ. ದಫೇದಾರ ಕೊಡತಿಯನ್ನು ಗಾಳಿಯಲ್ಲೇ ಹಿಡಿದು ನಿಂತ.

"ಹಗ್ಗದ ಎದುರಿಂದ ಈಚೆ ಬನ್ನಿ. ಹಿಂದೆ, ಎಂಜಿನ್ ಹತ್ರ. ಬನ್ನಿ ಅಂದ್ನಲ್ಲ."

ಅವನು ಬಂದ. ಅರ್ಧ ನಗುತ್ತಿದ್ದ. ಮೇಡಂ ಹೀಗೆ ಕೂಗಿದ್ದನ್ನು ಒಂಬತ್ತು ವರ್ಷದಲ್ಲಿ ಅವನು ಕೇಳಿರಲಿಲ್ಲ.

ಕ್ಲೀಟಿನ ಮೇಲೆ ಒಂದು ಪೂರ್ತಿ ಸುತ್ತು. ಅಡ್ಡಡ್ಡ ಮೂರು ಸುತ್ತು. ಕೊನೆಯದು ತಿರುಚಿ, ತುದಿ ತನ್ನ ಅಡಿಗೇ ಸಿಕ್ಕಿಕೊಂಡಿತ್ತು. ಮೇಡಂನ ಕಿರುಬೆರಳು ತಾನಾಗಿ ಮಡಚಿಕೊಂಡಿತು.

"ನಿಮ್ಮಜ್ಜ ಎಲ್ಲಿ ದೋಣಿ ಹೊಡೀತಿದ್ರು?" ಎಂದು ಕೇಳಿದರು. ಈಗ ದನಿ ತಣ್ಣಗಿತ್ತು.

"ನಮ್ಮೂರ ಕೆರೇಲಿ ಮೇಡಂ. ಯಾಕೆ?"

"ಕೊನೆಯ ಆ ಸುತ್ತು ಅವ್ರು ಹೇಳ್ಕೊಟ್ಟಿದ್ದಾ?"

"ಹೂಂ. ಅದು ಇಲ್ದೆ ದೋಣಿ ಬಿಟ್ಟು ಬಂದ್ರೆ ಬೆನ್ನಿಗೆ ಬೀಳೋದು. ಯಾರು ಕಟ್ಟಿದ್ದೇ ಆಗ್ಲಿ, ಕಂಡ್ರೆ ಹಾಕ್ಬಿಟ್ಟೇ ಬರ್ಬೇಕು ಅಂತ..."

ಮಾತು ಅಲ್ಲಿಗೇ ನಿಂತಿತು. ಅವನು ಹಗ್ಗ ನೋಡಿದ. ಆಮೇಲೆ ಐವತ್ತು ಹೆಜ್ಜೆ ಆಚೆ, ಸೀಲು ಬಿದ್ದು ಸರಪಳಿಯಲ್ಲಿ ನಿಂತಿದ್ದ ಸರಕು ದೋಣಿಯನ್ನು ನೋಡಿದ. ಅದರ ಮೂಗಿನ ಕ್ಲೀಟಿನಲ್ಲಿ ಕಡಿದ ಹಗ್ಗದ ಗೇಣುದ್ದದ ತುಂಡು ಇನ್ನೂ ಕಚ್ಚಿಕೊಂಡೇ ಇತ್ತು. ಅದರ ಫೋಟೋ ತೆಗೆದವನು ಅವನೇ. ವರದಿ ಟೈಪು ಮಾಡಿದವನೂ ಅವನೇ. ಅವನ ಕಣ್ಣಿಗೆ ಅದು ಯಾವತ್ತೂ ತಪ್ಪಾಗಿ ಕಂಡಿರಲಿಲ್ಲ. ಅಜ್ಜ ಕಲಿಸಿದ ಗಂಟು ಅದು.

ಕೊಡತಿ ಕೈಯಿಂದ ಜಾರಿ ಲಾಂಚಿನ ತಳಕ್ಕೆ ಬಿತ್ತು.

ಮೇಡಂಗೆ ಸೋಮವಾರ ನೆನಪಾಯಿತು. ಬೇಡವೆಂದರೂ ಬಂತು. ಸರಕು ದೋಣಿಯ ಮೇಲೆ ಹಾಯುವಾಗ, ಇಳಿಬಿಟ್ಟಿದ್ದ ಹಗ್ಗದ ತುದಿಗೆ ಈ ಹಾಳು ಕಾಲು ತೊಡರಿತ್ತು. ಬೀಳುವುದು ತಪ್ಪಿತ್ತು. ನೋವಿಗೆ ಸಿಟ್ಟು ಬಂದಿತ್ತು. ಈ ತುದಿಗೆ ಏನಾದ್ರೂ ಮಾಡ್ರೀ ಎಂದು ದಫೇದಾರನಿಗೆ ಅಂದಿದ್ದರು. ಅಂದು, ಕುಂಟುತ್ತ ಲಾಂಚಿಗೆ ಹೋಗಿ ಕೂತು, ಮರೆತಿದ್ದರು. ಮಂಡಿ ಒತ್ತಿಕೊಳ್ಳುತ್ತಿದ್ದುದರಿಂದ ಹಿಂದೆ ತಿರುಗಿ ನೋಡಿರಲಿಲ್ಲ.

ಚೀಲದಲ್ಲಿ ವರದಿ. ಗಡಿಯಾರದಲ್ಲಿ ಮೂರೂ ಹತ್ತು. ಒಂದು ಹೆಸರು ಹೊಡೆದುಹಾಕಿ ಇನ್ನೊಂದು ಹೆಸರು ಬರೆದರೆ ಗಿಡ್ಡ ಸಂಜೆಗೆ ಮನೆಯಲ್ಲಿರುತ್ತಾನೆ. ಬರೆಯಬೇಕಾದ ಹೆಸರು ಕೆಳಗೆ ನಿಂತು, ಸುಣ್ಣದ ಹಾಗಾದ ಮುಖ ಎತ್ತಿ, ಅವರನ್ನೇ ನೋಡುತ್ತಿತ್ತು.

"ಮೇಡಂ," ಎಂದ ದಫೇದಾರ. "ನಾನು ಒಳ್ಳೇದಕ್ಕೇ... ಅವತ್ತು ನೀವೇ ತಾನೇ ಹೇಳಿದ್ದು?"

ಹಗ್ಗ ಮತ್ತೊಮ್ಮೆ ಕಿರ್ ಎಂದಿತು.

ಬೆನ್ನ ಹಿಂದೆ ಕಲ್ಲಿನ ಮೇಲೆ ಟಾರ್ಚು ಉರುಳಿದ ಸದ್ದಾಯಿತು. ಮೇಡಂ ತಿರುಗಿದರು. ಗಿಡ್ಡನ ಹೆಂಡತಿ ಎದ್ದು ನಿಂತಿದ್ದಳು, ಎರಡೇ ಹೆಜ್ಜೆ ದೂರದಲ್ಲಿ. ಅಪ್ಪನ ಛತ್ರಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಏನು ಹೇಳಿದ್ರಿ ಮೇಡಂ ಅವತ್ತು?" ಎಂದು ಕೇಳಿದಳು.